ಏಪ್ರಿಲ್ ತಿಂಗಳ ಕಾಯಿಲೆಗಳು

ನಮ್ಮ ಬ್ಯಾಂಕಿನಲ್ಲಿ ಏಪ್ರಿಲ್ ತಿಂಗಳು ಬಂತೆಂದರೆ ಆಂಧ್ರದ ಅತ್ತೆ ಮಾವಂದಿರೆಲ್ಲ ಒಟ್ಟಿಗೇ ಕಾಯಿಲೆ ಬೀಳುತ್ತಿದ್ದರು. ಮಾರ್ಚ್ ಕೊನೆಯವರೆಗೆ ಮೊಮ್ಮಕ್ಕಳನ್ನು ಸೊಂಟದ ಮೇಲೆ ಹೊತ್ತು ತಿರುಗಿದವರು ಏಪ್ರಿಲ್ ಮೊದಲ ವಾರದಲ್ಲಿ ಹಾಸಿಗೆ ಹಿಡಿಯುತ್ತಿದ್ದರು. ಮೇ ತಿಂಗಳಲ್ಲಿ ವರ್ಗಾವಣೆಯ ಆದೇಶ ಹೊರಬೀಳುತ್ತಿತ್ತು. ಜೂನ್ ಹೊತ್ತಿಗೆ ಎಲ್ಲರೂ ಎದ್ದು ಓಡಾಡುತ್ತಿದ್ದರು. ಇಷ್ಟು ಜನರನ್ನು ಇಷ್ಟು ಬೇಗ ಗುಣಪಡಿಸಿದ ಆಸ್ಪತ್ರೆ ನಮ್ಮ ದೇಶದಲ್ಲಿ ಇನ್ನೊಂದಿಲ್ಲ. ಆ ಆಸ್ಪತ್ರೆಯ ಹೊರರೋಗಿ ವಿಭಾಗದಂಥ ಒಂದು ಮೇಜಿನ ಹಿಂದೆ, ವಿಶಾಖಪಟ್ಟಣದ ವಲಯ ಕಚೇರಿಯಲ್ಲಿ, ನಾನು ಬಹಳ ವರ್ಷ ಕೂತಿದ್ದೆ.

ಹೊಸದಾಗಿ ಬ್ಯಾಂಕಿಗೆ ಸೇರುವವರು ಸಾಲ, ಠೇವಣಿ, ಬಡ್ಡಿದರ ಇವನ್ನೆಲ್ಲ ಓದಿಕೊಂಡು ಬರುತ್ತಾರೆ. ಅವು ಬೇಕು, ಇಲ್ಲವೆನ್ನುವುದಿಲ್ಲ. ಆದರೆ ಕೆಲಸಕ್ಕೆ ಸೇರಿದ ಮೇಲೆ ಅಧಿಕಾರಿಯೊಬ್ಬ ರಾತ್ರಿ ಹಾಸಿಗೆಯಲ್ಲಿ ಹೊರಳುತ್ತ ಯೋಚಿಸುವುದು ಬಡ್ಡಿದರವನ್ನಲ್ಲ. ಮುಂದಿನ ಊರು ಯಾವುದು, ಹೆಂಡತಿಗೆ ಹೇಗೆ ಹೇಳುವುದು, ಮಕ್ಕಳ ಶಾಲೆ ಏನಾಗುತ್ತದೆ, ಇದನ್ನು. ಈ ಕೆಲಸದ ಅರ್ಧ ಭಾಗ ಸೂಟ್‌ಕೇಸಿನೊಳಗೇ ಇದೆ. ಅದನ್ನು ಯಾವ ಪರೀಕ್ಷೆಯಲ್ಲೂ ಕೇಳುವುದಿಲ್ಲವಾದ್ದರಿಂದ ನಾನು ಹೇಳುತ್ತೇನೆ.

ನಾನು ದಾವಣಗೆರೆಯವಳು. ಮದುವೆಯಾಗಿ ಬಂದದ್ದು ವಿಜಯವಾಡಕ್ಕೆ, ಅಲ್ಲಿನ ಭವಾನಿಪುರ ಬಡಾವಣೆಯಲ್ಲಿ ಎರಡು ಮೂರು ತಲೆಮಾರಿನಿಂದ ನೆಲೆ ನಿಂತ ಮನೆಗೆ. ಆ ಮನೆಯ ಗಂಡಸರು ತೆಲುಗಿನಲ್ಲೇ ಯೋಚಿಸಿ ತೆಲುಗಿನಲ್ಲೇ ಜಗಳವಾಡುತ್ತಾರೆ. ಸೊಸೆಯಂದಿರನ್ನು ಮಾತ್ರ ಕರ್ನಾಟಕದಿಂದ ತರುತ್ತಾರೆ. ನನ್ನ ಅತ್ತೆ ರತ್ನಮ್ಮನವರನ್ನು ಬಳ್ಳಾರಿಯಿಂದ ತಂದಿದ್ದರು, ನನ್ನನ್ನು ದಾವಣಗೆರೆಯಿಂದ. ನನ್ನ ಗಂಡ ಮೋಹನರಾಯರು ಅಲ್ಲಿನ ಒಂದು ಖಾಸಗಿ ಕಾಲೇಜಿನಲ್ಲಿ ಗಣಿತದ ಉಪನ್ಯಾಸಕರು. ಮದುವೆಯಾದ ಮೊದಲ ಕೆಲವು ವರ್ಷ ನಾನೂ ವಿಜಯವಾಡದ ಶಾಖೆಯಲ್ಲೇ ಇದ್ದೆ. ಆಮೇಲೆ ಬ್ಯಾಂಕು ನನ್ನನ್ನು ಊರೂರು ಓಡಿಸಿ ಕೊನೆಗೆ ವಿಶಾಖಪಟ್ಟಣದಲ್ಲಿ ಕೂರಿಸಿತು. ಶನಿವಾರ ಮಧ್ಯಾಹ್ನದ ರೈಲು ಹತ್ತಿ ಭವಾನಿಪುರಕ್ಕೆ ಹೋಗುವುದು, ಭಾನುವಾರ ವಾಪಸು ಬರುವುದು, ಇದು ನನ್ನ ಸಂಸಾರವಾಗಿತ್ತು.

ನನ್ನ ಸಂಗತಿ ಆಮೇಲೆ ಬರುತ್ತದೆ. ಮೊದಲು ರೋಗಿಗಳ ಸಂಗತಿ.

ಒಬ್ಬ ಅಧಿಕಾರಿಯ ತಾಯಿ ಶ್ರೀಕಾಕುಳದಲ್ಲಿ ಹಾಸಿಗೆ ಹಿಡಿದಿದ್ದರು. ಎದ್ದು ಕೂರಲೂ ಆಗುವುದಿಲ್ಲವೆಂದು ಅರ್ಜಿಯಲ್ಲಿತ್ತು. ಪಾಪ ಎಂದು ಅವನನ್ನು ಶ್ರೀಕಾಕುಳಕ್ಕೇ ಹಾಕಿಸಿದೆವು. ಎರಡು ವರ್ಷ ಕಳೆದ ಮೇಲೆ ಅವನಿಗೆ ಗುಂಟೂರು ಬೇಕೆನಿಸಿತು. ಅರ್ಜಿ ಬಂತು. ಅದೇ ತಾಯಿ, ಅದೇ ಕಾಯಿಲೆ, ಆದರೆ ಹಾಸಿಗೆ ಈಗ ಗುಂಟೂರಿನಲ್ಲಿತ್ತು. ಎದ್ದು ಕೂರಲಾಗದ ಹೆಂಗಸು ಆಂಧ್ರದ ಒಂದು ತುದಿಯಿಂದ ಇನ್ನೊಂದು ಕಡೆಗೆ ಹೇಗೆ ಬಂದಳೆಂದು ನಾನು ಫೋನು ಮಾಡಿ ಕೇಳಿದೆ. ಅವನು ಒಂದಿಷ್ಟೂ ಅಳುಕದೆ, "ಮಗ ಇರೋ ಕಡೆ ತಾಯಿ ಮನಸ್ಸು ಇರುತ್ತೆ ಮೇಡಂ" ಎಂದ. ಮಗ ಆಗ ಇದ್ದದ್ದು ಶ್ರೀಕಾಕುಳದಲ್ಲೇ.

ಇನ್ನೊಂದು ಪ್ರಕರಣದಲ್ಲಿ ಗಂಡ ಹೆಂಡತಿ ಇಬ್ಬರೂ ನಮ್ಮ ಬ್ಯಾಂಕಿನವರೇ. ಗಂಡ ವಿಜಯವಾಡದಲ್ಲಿ, ಹೆಂಡತಿ ವಿಶಾಖಪಟ್ಟಣದಲ್ಲಿ. ಎರಡರಲ್ಲಿ ಒಂದಾದರೂ ಆಗಲಿ ಎಂದು ಗಂಡನಾದವನು ಹೆಂಡತಿಯ ಊರಿಗೆ ವರ್ಗ ಕೇಳಿದ, ಹೆಂಡತಿ ಗಂಡನ ಊರಿಗೆ ಕೇಳಿದಳು. ಗಂಡನ ಕಾಗದ ಒಂದು ಮೇಜಿನಿಂದ ಮೇಲೆ ಹೋಯಿತು, ಹೆಂಡತಿಯದು ಇನ್ನೊಂದು ಮೇಜಿನಿಂದ. ಸಂಸಾರವನ್ನು ಒಂದುಗೂಡಿಸಬೇಕೆಂದು ಆ ವರ್ಷ ಮೇಲಿನಿಂದ ಸೂಚನೆ ಬಂದಿತ್ತು. ಹಾಗಾಗಿ ಎರಡೂ ಮಂಜೂರಾದವು. ಗಂಡ ಸಾಮಾನು ಕಟ್ಟಿಕೊಂಡು ವಿಶಾಖಪಟ್ಟಣಕ್ಕೆ ಬಂದ, ಹೆಂಡತಿ ಸಾಮಾನು ಕಟ್ಟಿಕೊಂಡು ವಿಜಯವಾಡಕ್ಕೆ ಹೋದಳು. ಅವರು ಅಳುತ್ತ ದೂರು ಕೊಟ್ಟಾಗ ನಮ್ಮ ದೊಡ್ಡ ಸಾಹೇಬರು, ಕಾಮತರು, ಕನ್ನಡಕ ಮೇಲೇರಿಸಿ ಎರಡೂ ಆದೇಶ ನೋಡಿದರು.

"ಇಬ್ಬರು ಕೇಳಿದ್ದನ್ನೂ ಕೊಟ್ಟಾಗಿದೆಯಲ್ಲ ಮಾರಾಯ್ರೆ. ಇನ್ನೆಂತ ಬೇಕಂತೆ ಅವರಿಗೆ?"

ಮರುವರ್ಷ ಇದನ್ನು ಸರಿಪಡಿಸಲು ಹೊರಟು ಇಬ್ಬರನ್ನೂ ಮತ್ತೆ ಅದಲು ಬದಲು ಮಾಡುವುದರಲ್ಲಿದ್ದೆವು. ನಮ್ಮ ವಿಭಾಗದ ಗುಮಾಸ್ತ ಅಪ್ಪಲರಾಜು ಸಹಿಯಾಗುವ ಮೊದಲು ನೋಡಿ ತಡೆದ.

ಕಾಮತರು ಮಂಗಳೂರಿನ ಕಡೆಯವರು. ಮನುಷ್ಯ ಕೆಟ್ಟವರಲ್ಲ. ಆದರೆ ಸಂಸಾರವೆಂಬುದು ನೌಕರರು ಬ್ಯಾಂಕಿಗೆ ತೊಂದರೆ ಕೊಡಲೆಂದೇ ಮಾಡಿಕೊಳ್ಳುವ ಒಂದು ದುರಭ್ಯಾಸವೆಂದು ಅವರು ನಂಬಿದ್ದರು. ಅವರ ಹೆಂಡತಿ ಮಕ್ಕಳು ಹೈದರಾಬಾದಿನಲ್ಲಿದ್ದರು. ಆದ್ದರಿಂದ ಹೈದರಾಬಾದಿನಲ್ಲಿ ಅವರಿಗೆ ಪ್ರತಿ ಶುಕ್ರವಾರವೂ ತುರ್ತು ಸಭೆ ಇರುತ್ತಿತ್ತು. ಬಡ್ತಿಯ ಸಂದರ್ಶನದಲ್ಲಿ ಅವರು ಕೇಳುವ ಪ್ರಶ್ನೆ ಒಂದೇ: "ಎಲ್ಲಿಗೆ ಹಾಕಿದ್ರೂ ಹೋಗ್ತೀರಾ?" ಎದುರಿಗೆ ಕೂತವರೆಲ್ಲ ಎದೆಯುಬ್ಬಿಸಿ, "ಎನಿವೇರ್ ಇನ್ ಇಂಡಿಯಾ ಸರ್" ಎನ್ನುತ್ತಿದ್ದರು. ಮದುವೆಯಲ್ಲಿ ಸಪ್ತಪದಿ ತುಳಿಯುವಾಗ ಹೇಳುವ ಮಾತಿಗಿಂತ ಇದಕ್ಕೆ ಹೆಚ್ಚು ಬೆಲೆಯೇನೂ ಇರಲಿಲ್ಲ. ಅಸ್ಸಾಮಿಗೆ ಹಾಕಿದ್ದಾರೆಂದು ತಿಳಿದ ಸಂಜೆಯೇ ಇಂಡಿಯಾ ಅವರ ಪಾಲಿಗೆ ಸಾಮರ್ಲಕೋಟೆಯಿಂದ ತೆನಾಲಿಯವರೆಗೆ ಕುಗ್ಗುತ್ತಿತ್ತು.

ಹೆಂಗಸರಿಗೆ ಇನ್ನೊಂದು ಪ್ರಶ್ನೆ ಹೆಚ್ಚಿಗೆ ಇತ್ತು. "ಯಜಮಾನರು ಒಪ್ತಾರಾ?" ನನಗೂ ಕೇಳಿದ್ದರು. "ಅವರನ್ನೂ ಸಂದರ್ಶನಕ್ಕೆ ಕರೆಯಿರಿ ಸರ್, ಹೊರಗೆ ಬೆಂಚಿದೆ" ಎಂದೆ. ಸಮಿತಿಯವರು ನಕ್ಕರು. ನಗು ಮುಗಿದ ಮೇಲೆ ಮತ್ತೆ ಅದೇ ಪ್ರಶ್ನೆ ಕೇಳಿದರು.

ನಾನು ಆ ಮೇಜಿಗೆ ಹೊಸದಾಗಿ ಬಂದಾಗ ಎಲ್ಲ ನಡೆಯುತ್ತಿದ್ದದ್ದು ಬಾಯಿಮಾತಿನಲ್ಲಿ, ಶಿಫಾರಸಿನಲ್ಲಿ, ಮಾವಿನಹಣ್ಣಿನ ಬುಟ್ಟಿಯಲ್ಲಿ. ಬಂಗಿನಪಲ್ಲಿ ಹಣ್ಣು ಮಾರುಕಟ್ಟೆಗೆ ಬರುವುದೂ ವರ್ಗಾವಣೆಯ ಕಾಲವೂ ಒಂದೇ ಆಗಿದ್ದದ್ದು ಕಾಮತರಿಗೆ ಅನುಕೂಲವಾಗಿತ್ತು. ಆಮೇಲೆ ಕಂಪ್ಯೂಟರು ಬಂತು. ಪರದೆಯ ಮೇಲೆ ಕಾರಣಗಳೆಲ್ಲ ಸಾಲಾಗಿ ನಿಂತಿರುತ್ತವೆ, ಬೇಕಾದದ್ದರ ಮೇಲೆ ಒತ್ತಬೇಕು. ಮಾವಿನಹಣ್ಣು ನಿಂತಿತು, ಕಾಯಿಲೆ ನಿಲ್ಲಲಿಲ್ಲ. ಮೊದಲಾದರೆ ಜನ ಎದುರಿಗೆ ನಿಂತು ಸುಳ್ಳು ಹೇಳಬೇಕಿತ್ತು, ಮುಖ ಸ್ವಲ್ಪವಾದರೂ ಕೆಂಪಾಗುತ್ತಿತ್ತು. ಈಗ ಬೆರಳು ಒತ್ತಿದರೆ ಮುಗಿಯಿತು, ಬೆರಳಿಗೆ ನಾಚಿಕೆಯಿಲ್ಲ. ಒಂದು ಏಪ್ರಿಲ್‌ನಲ್ಲಿ ನಮ್ಮ ವಲಯದ ಅಧಿಕಾರಿಗಳ ಪೈಕಿ ತಂದೆ ತಾಯಿ ಅತ್ತೆ ಮಾವ ನಾಲ್ವರೂ ಆರೋಗ್ಯವಾಗಿರುವವನು ಒಬ್ಬನೂ ಸಿಗಲಿಲ್ಲ.

ಆಗ ನನ್ನ ತಲೆಯಲ್ಲಿ ಒಂದು ಉಪಾಯ ಹೊಳೆಯಿತು. ಬರೀ ಸರ್ಟಿಫಿಕೇಟು ಸಾಲದು, ರೋಗಿ ಸ್ವತಃ ಬ್ಯಾಂಕು ಗೊತ್ತು ಮಾಡಿದ ವೈದ್ಯರ ಮುಂದೆ ಹಾಜರಾಗಬೇಕು; ಸುಳ್ಳೆಂದು ಕಂಡುಬಂದರೆ ಕೆಲವು ವರ್ಷ ಆ ಊರಿನ ಹೆಸರೆತ್ತುವಂತಿಲ್ಲ. ಕಾಮತರಿಗೆ ಬಹಳ ಹಿಡಿಸಿತು. "ನಿಮ್ಮ ತಲೆಯೇ ತಲೆ ಗಿರಿಜಾ" ಎಂದರು. ಮುಂದಿನ ಏಪ್ರಿಲ್‌ನಲ್ಲಿ ಅರ್ಧಕ್ಕರ್ಧ ಅತ್ತೆಯಂದಿರು ವೈದ್ಯರ ಹೆಸರು ಕೇಳಿಯೇ ಗುಣವಾದರು. ನಾನು ಬೀಗುತ್ತ ಓಡಾಡಿದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಾನು ವರ್ಗಾವಣೆಯ ಮೇಜಿನ ಜೊತೆಗೆ ಹೊಸ ಅಧಿಕಾರಿಗಳಿಗೆ ಪಾಠವನ್ನೂ ಮಾಡುತ್ತಿದ್ದೆ. ಮೊದಲು ತರಬೇತಿಯೆಂದರೆ ಒಬ್ಬರು ಸುತ್ತೋಲೆ ಓದುವುದು, ಉಳಿದವರು ಆಕಳಿಸುವುದು. ನಾನು ಸುತ್ತೋಲೆ ಪಕ್ಕಕ್ಕಿಟ್ಟು ನಡೆದ ಪ್ರಕರಣ ಹೇಳುತ್ತಿದ್ದೆ, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳುತ್ತಿದ್ದೆ. ಹುಡುಗ ಹುಡುಗಿಯರು ಮೊಬೈಲು ಕೆಳಗಿಟ್ಟು ಜಗಳಕ್ಕೇ ನಿಲ್ಲುತ್ತಿದ್ದರು. ಇಷ್ಟು ವರ್ಷದ ನೌಕರಿಯಲ್ಲಿ ನನಗೆ ನಿಜವಾಗಿ ಬಂದ ಕೆಲಸ ಇದೊಂದೇ. ಆ ತರಗತಿಗಳಿದ್ದ ವಾರ ನನಗೆ ಶನಿವಾರದ ರೈಲು ಮರೆತುಹೋಗುತ್ತಿತ್ತು.

ಅಷ್ಟರಲ್ಲಿ ಬ್ಯಾಂಕು ಋಷಿಕೊಂಡದಲ್ಲಿ, ಸಾಫ್ಟ್‌ವೇರ್ ಕಂಪನಿಗಳಿರುವ ಗುಡ್ಡದ ಮೇಲೆ, ಹೊಸ ತರಬೇತಿ ಕೇಂದ್ರ ತೆರೆಯುವುದೆಂದಾಯಿತು. ಕಿಟಕಿ ತೆರೆದರೆ ಕೆಳಗೆ ಸಮುದ್ರ. ಕಾಮತರು ನನ್ನನ್ನು ಕರೆದು, "ಅದರ ಮುಖ್ಯಸ್ಥರಾಗಿ ನೀವು ಹೋಗ್ಬೇಕಂತ ಮೇಲಿನವರು ಹೇಳಿದ್ದಾರೆ. ಆದ್ರೆ ನಿಮ್ಮ ಮನೆ ವಿಜಯವಾಡದಲ್ಲುಂಟಲ್ಲ, ನೀವು ಹೇಗೂ ಅಲ್ಲಿಗೇ ಕೇಳ್ತೀರಿ. ಅಲ್ಲಿಯ ಕಚೇರಿಯಲ್ಲಿ ಒಂದು ಜಾಗ ಉಂಟು, ಕೆಲಸ ಎಂತದೂ ಇಲ್ಲ, ಆರಾಮ" ಎಂದರು. ಕೊಡುವುದನ್ನು ಕೊಟ್ಟು ಅದೇ ಉಸಿರಿನಲ್ಲಿ ವಾಪಸು ತೆಗೆದುಕೊಳ್ಳುವುದು ಅವರಿಗೆ ಅಭ್ಯಾಸವಾಗಿತ್ತು. ಮೇ ತಿಂಗಳ ಆದೇಶದೊಳಗೆ ಯಾವುದೆಂದು ಹೇಳಬೇಕೆಂದರು. ಋಷಿಕೊಂಡದ ಕುರ್ಚಿಗೆ ಇನ್ನೊಬ್ಬರು ಕಾದು ಕೂತಿದ್ದಾರೆಂದೂ ಸೇರಿಸಿದರು.

ನನಗೆ ಆ ಕುರ್ಚಿ ಬೇಕಿತ್ತು. ಸುತ್ತಿ ಬಳಸಿ ಹೇಳುವುದೇನೂ ಇಲ್ಲ, ಬಾಯಲ್ಲಿ ನೀರೂರುವಷ್ಟು ಬೇಕಿತ್ತು.

ಆದರೆ ಆ ವಾರವಿಡೀ ಕಚೇರಿಯಲ್ಲಿ ಯಾರೊಬ್ಬರೂ ನನಗೆ ಅಭಿನಂದನೆ ಹೇಳಲಿಲ್ಲ. ಇದೇ ಕುರ್ಚಿ ಗಂಡಸಿಗೆ ಸಿಕ್ಕಿದ್ದರೆ ಮಾಡುಗುಲ ಹಲ್ವಾ ಹಂಚಿಸಿಕೊಂಡು ತಿನ್ನುತ್ತಿದ್ದರು. ನನಗೆ ಮಾತ್ರ ಎಲ್ಲರೂ ಮರುಕ ತೋರಿಸಿದರು. "ಸಾಕು ಮೇಡಂ, ಇಷ್ಟು ವರ್ಷ ತಿರುಗಿದ್ದು. ಇನ್ನಾದರೂ ಮನೆಗೆ ಹೋಗಿ." "ಸರ್ ಒಬ್ಬರೇ ಎಷ್ಟಂತ ಮಾಡ್ಕೋತಾರೆ?" ನನ್ನ ಗಂಡನನ್ನು ಒಮ್ಮೆಯೂ ನೋಡದ ಕ್ಯಾಂಟೀನಿನವನಿಗೂ ಅವರ ಊಟದ ಚಿಂತೆ ಹತ್ತಿತು.

ಶನಿವಾರ ಭವಾನಿಪುರಕ್ಕೆ ಹೋದೆ. ನಮ್ಮ ಮನೆಯಲ್ಲಿ ಒಂದು ಪದ್ಧತಿ ಬೆಳೆದಿತ್ತು. ನಾನು ಕೈಕಾಲು ತೊಳೆದು ಬಂದರೆ ಬೀರುವಿನಿಂದ ಮಡಿಕೆ ಮುರಿಯದ ಟವೆಲ್ಲೊಂದನ್ನು ತೆಗೆದು ಕೊಡುತ್ತಿದ್ದರು. ಮನೆಯವರ ಟವೆಲ್ಲುಗಳೆಲ್ಲ ಹಿತ್ತಲಿನ ಹಗ್ಗದ ಮೇಲೆ ನೇತಾಡುತ್ತಿರುತ್ತಿದ್ದವು, ನನ್ನದು ಬೀರುವಿನಲ್ಲಿ ನೆಂಟರ ಟವೆಲ್ಲುಗಳ ಜೊತೆ ಇರುತ್ತಿತ್ತು. ಯಾರೂ ಬೇಕೆಂದು ಮಾಡಿದ್ದಲ್ಲ. ವಾರಕ್ಕೊಮ್ಮೆ ಬರುವವಳ ಟವೆಲ್ಲನ್ನು ಹಗ್ಗದ ಮೇಲೆ ಏಕೆ ಬಿಡಬೇಕು, ಧೂಳು ಹಿಡಿಯುತ್ತದೆ. ಲೆಕ್ಕ ಸರಿಯಾಗಿಯೇ ಇತ್ತು, ಆದರೂ ಆ ಮಡಿಕೆ ಬಿಚ್ಚಿ ಮುಖ ಒರೆಸಿಕೊಳ್ಳುವಾಗಲೆಲ್ಲ ನನ್ನ ಕಣ್ಣು ಹಿತ್ತಲಿನ ಹಗ್ಗದ ಕಡೆ ಹೋಗುತ್ತಿತ್ತು. ಮನೆಗೆ ಬಂದು ಇದ್ದುಬಿಡಬೇಕೆಂಬ ಆಸೆಯೂ ಸುಳ್ಳಾಗಿರಲಿಲ್ಲ ಎನ್ನಲು ಇದನ್ನು ಹೇಳಿದೆ.

ಊಟಕ್ಕೆ ಕೂತಾಗ ಋಷಿಕೊಂಡದ ವಿಷಯ ತೆಗೆದೆ. ಮೋಹನರಾಯರು ಅನ್ನ ಕಲಸುತ್ತ ಕೇಳಿದರು. ಕೇಳಿಸಿಕೊಂಡರೆಂದು ಹೇಳಲಾರೆ.

"ಒಳ್ಳೇದೇ. ಆದ್ರೆ ಅಮ್ಮನಿಗೆ ವಯಸ್ಸಾಯ್ತು ಕದಾ, ಅಲ್ವಾ ಗಿರಿಜಾ? ಎಷ್ಟು ದಿನ ಅಂತ ಹೀಗೆ? ನೀನು ಇಲ್ಲಿಗೆ ಬಂದ್ಬಿಡು. ನಾಗಮಣಿಗೂ ಹೇಳಿಬಿಟ್ಟಿದ್ದೀನಿ."

"ನಾಗಮಣಿಗೆ ಏನು ಹೇಳಿದಿರಿ?"

"ಮೇ ಕೊನೆಗೆ ಸಾಕು, ಆಮೇಲೆ ಬರೋದು ಬೇಡ ಅಂತ."

ನಾಗಮಣಿ ನಮ್ಮ ಮನೆಯ ಅಡುಗೆಯವಳು. ನಾನಿನ್ನೂ ಬಾಯಿ ಬಿಡುವ ಮೊದಲೇ ಅವಳಿಗೆ ಬಿಡುಗಡೆಯಾಗಿತ್ತು. ಸಂಸಾರಕ್ಕೆ ಹತ್ತಿರವಾಗುವುದೆಂದರೆ ಯಾವ ಜಾಗಕ್ಕೆ ಹತ್ತಿರವಾಗುವುದೆಂದು ಅಂದು ನನಗೆ ತಿಳಿಯಿತು, ಒಲೆಯಿಂದ ಎರಡು ಅಡಿ. ಸಿಟ್ಟು ಬಂತು, ನುಂಗಿಕೊಂಡೆ. ಅತ್ತೆ ಒಂದು ಮಾತೂ ಆಡದೆ ಮಜ್ಜಿಗೆ ಕುಡಿದು ಎದ್ದು ಹೋದರು. ಆ ಮೌನವನ್ನು ನಾನು ನನ್ನ ಮೇಲಿನ ಅಸಮಾಧಾನವೆಂದು ತಿಳಿದುಕೊಂಡೆ. ವಯಸ್ಸಾದ ಹೆಂಗಸು, ಸೊಸೆ ಪಕ್ಕದಲ್ಲಿರಲಿ ಎಂದು ಆಸೆ ಪಡುವುದರಲ್ಲಿ ತಪ್ಪೇನಿದೆ ಎಂದು ರೈಲಿನುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ತುನಿ ದಾಟುವ ಹೊತ್ತಿಗೆ ವಿಜಯವಾಡಕ್ಕೆ ಅರ್ಜಿ ಹಾಕುವುದೆಂದು ತೀರ್ಮಾನಿಸಿ ಆಗಿತ್ತು.

ಇಲ್ಲೊಂದು ತೊಡಕು ಬಂತು. ಜಾಗ ಖಾಲಿಯಿದ್ದರೂ ಕಾರಣ ಒತ್ತದೆ ಅರ್ಜಿ ಮುಂದೆ ಹೋಗುತ್ತಿರಲಿಲ್ಲ. ಗಂಡನಿರುವ ಊರೆಂದು ಕೇಳಬೇಕಾದರೆ ಗಂಡ ಸರ್ಕಾರಿ ನೌಕರನೋ ಬ್ಯಾಂಕಿನವನೋ ಆಗಿರಬೇಕಿತ್ತು. ಖಾಸಗಿ ಕಾಲೇಜಿನ ಗಂಡ ನಮ್ಮ ನಿಯಮಗಳ ಪ್ರಕಾರ ಗಂಡನೇ ಅಲ್ಲ. ಉಳಿದದ್ದು ಅತ್ತೆಯ ಕಾಯಿಲೆ. ಅಪ್ಪಲರಾಜು ಕುರ್ಚಿ ಎಳೆದುಕೊಂಡು ಹತ್ತಿರ ಕೂತ. ಇಷ್ಟು ವರ್ಷ ಎಲ್ಲರ ಅರ್ಜಿ ಓದಿ ಓದಿ ಅವನು ಅರ್ಧ ವೈದ್ಯನಾಗಿದ್ದ. ಅವನು ತೆಲುಗಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ.

"ಮಂಡಿನೋವು ಹಾಕಬೇಡಿ ಮೇಡಂ, ಎಲ್ಲರೂ ಹಾಕಿ ಹಾಕಿ ಅದಕ್ಕೆ ಮರ್ಯಾದೆ ಹೋಗಿದೆ. ಸಕ್ಕರೆ, ಬಿ.ಪಿ. ಅಂದರೆ ಕಾಮತ್ ಸಾರ್ ತಮಗೂ ಇದೆ ಅಂತಾರೆ. ಹೃದಯ ಅಂದರೆ ಯಂತ್ರ ಇಟ್ಟು ನೋಡ್ತಾರೆ. ತಲೆ ತಿರುಗುವುದು ಹಾಕಿ. ತಿರುಗುತ್ತೆ ಅಂದರೆ ತಿರುಗುತ್ತೆ, ಯಾವ ಯಂತ್ರಕ್ಕೂ ಸಿಗಲ್ಲ."

"ನಮ್ಮ ಅತ್ತೆಗೆ ತಲೆ ತಿರುಗಲ್ಲವಲ್ಲ ಅಪ್ಪಲರಾಜು."

"ಅತ್ತೆಗಾರಿಗೆ ನೀವೊಂದು ಮಾತು ಹೇಳಿಟ್ಟರೆ ತಿರುಗುತ್ತೆ ಮೇಡಂ."

ಹಾಕಿದೆ. ಪರದೆಯ ಮೇಲೆ ಬೆರಳು ಒತ್ತಿದಾಗ ನನ್ನ ಬೆರಳಿಗೂ ನಾಚಿಕೆಯಾಗಲಿಲ್ಲ. ಮರುವಾರವೇ ಉತ್ತರ ಬಂತು: ರೋಗಿ ವಿಜಯವಾಡದಲ್ಲಿ ಬ್ಯಾಂಕಿನ ವೈದ್ಯರ ಮುಂದೆ ಸ್ವತಃ ಹಾಜರಾಗತಕ್ಕದ್ದು. ಎಲ್ಲರ ಮನೆಯ ಅತ್ತೆಯಂದಿರನ್ನು ಹಿಡಿಯಲು ನಾನು ಹಾಕಿದ ಬೋನಿನೊಳಕ್ಕೆ ನನ್ನ ಅತ್ತೆಯನ್ನೇ ನಡೆಸಿಕೊಂಡು ಹೋಗಬೇಕಿತ್ತು.

ಗವರ್ನರ್‌ಪೇಟೆಯ ಕಡೆಗೆ ಆಟೋದಲ್ಲಿ ಹೊರಟೆವು. ಬಿಸಿಲೆಂದರೆ ವಿಜಯವಾಡದ ಬಿಸಿಲು, ಆಟೋದ ಕಬ್ಬಿಣ ಮುಟ್ಟಿದರೆ ಚುರುಕ್ಕೆನ್ನುತ್ತಿತ್ತು. ದಾರಿಯುದ್ದಕ್ಕೂ ಮೋಹನರಾಯರು ತಾಯಿಗೆ ಪಾಠ ಹೇಳಿದರು.

"ಅಮ್ಮಾ, ಡಾಕ್ಟರ್ ಕೇಳಿದ್ರೆ ತಲೆ ತಿರುಗುತ್ತೆ ಅನ್ನು. ಬೆಳಿಗ್ಗೆ ಎದ್ದಾಗ ಹೆಚ್ಚು ಅನ್ನು. ಗೋಡೆ ಹಿಡ್ಕೊಂಡು ನಡೀತೀನಿ ಅನ್ನು."

ಅತ್ತೆ ಕೃಷ್ಣಾ ನದಿಯ ಕಡೆ ನೋಡುತ್ತ ಕೂತಿದ್ದರು. ಬೆಳಗಿನ ಕಾಫಿಗೆ ಮೊದಲು ಆ ನದಿಯ ದಂಡೆಯವರೆಗೆ ನಡೆದು ಹೋಗಿ ಬಂದಿದ್ದರು. ದಿನವೂ ಹೋಗುತ್ತಿದ್ದರು.

ವೈದ್ಯರ ಕೋಣೆ ಮೂರನೆಯ ಮಹಡಿಯಲ್ಲಿತ್ತು. ಲಿಫ್ಟಿನ ಬಾಗಿಲಿಗೆ ಕೆಟ್ಟಿದೆ ಎಂದು ರಟ್ಟು ಕಟ್ಟಿದ್ದರು. ನಾನು ಅತ್ತೆಯ ತೋಳು ಹಿಡಿಯಲು ಹೋದೆ. ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ, ನನ್ನ ಕೈ ಬಿಡಿಸಿಕೊಂಡು ಹತ್ತತೊಡಗಿದರು. ಎರಡನೆಯ ಮಹಡಿಗೆ ನಾನು ಏದುಸಿರು ಬಿಡುತ್ತಿದ್ದೆ. ಮೂರನೆಯ ಮಹಡಿ ತಲುಪಿದಾಗ ಅತ್ತೆ ಆಗಲೇ ಬೆಂಚಿನ ಮೇಲೆ ಕೂತು ಯಾರದೋ ಮಗುವಿನ ಹೆಸರು ಕೇಳುತ್ತಿದ್ದರು. ಮೋಹನರಾಯರು ಮೆಟ್ಟಿಲ ಕಂಬಿ ಹಿಡಿದು, ಬೆವರು ಸುರಿಸುತ್ತ, ಮುಖವೆಲ್ಲ ಕೆಂಪಗೆ ಮಾಡಿಕೊಂಡು ಕೊನೆಯವರಾಗಿ ಬಂದರು.

ಒಳಗೆ ಕರೆದರು. ವೈದ್ಯರು ವಯಸ್ಸಾದವರು, ಕಡಿಮೆ ಮಾತಿನವರು. ಮೂವರನ್ನೂ ಒಮ್ಮೆ ನೋಡಿ, ಮೋಹನರಾಯರನ್ನು ರೋಗಿಯ ಕುರ್ಚಿಯಲ್ಲಿ ಕೂರಿಸಿ, ಮಾತಾಡುವ ಮೊದಲೇ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿಸಿದರು.

"ಬಿ.ಪಿ. ಜಾಸ್ತಿ ಇದೆ. ಎಷ್ಟು ದಿನದಿಂದ ತಲೆ ತಿರುಗುತ್ತಿದೆ?"

"ನನಗಲ್ಲ ಡಾಕ್ಟರ್ ಗಾರೂ, ಅಮ್ಮನಿಗೆ."

ವೈದ್ಯರು ಅತ್ತೆಯ ಕಡೆ ತಿರುಗಿದರು. ಅತ್ತೆ ಆ ಊರಿನಲ್ಲಿ ಐವತ್ತು ವರ್ಷ ಬಾಳಿದವರು, ಬೇಕೆಂದಾಗ ಅಪ್ಪಟ ತೆಲುಗು ಮಾತಾಡಬಲ್ಲರು. ಆ ತೆಲುಗಿನಲ್ಲಿ, ಒಂದೊಂದೇ ಮಾತು ಬಿಡಿಸಿ ಹೇಳಿದರು:

"ನನಗೆ ತಲೆ ತಿರುಗುವುದಿಲ್ಲ ಡಾಕ್ಟರೇ. ಶುಕ್ರವಾರ ಶುಕ್ರವಾರ ಅಮ್ಮನವರ ಬೆಟ್ಟದ ಮೆಟ್ಟಿಲು ಹತ್ತುತ್ತೇನೆ. ತಿರುಗುತ್ತಿರುವುದು ಇವರಿಬ್ಬರ ತಲೆ. ನಿಮ್ಮ ಹತ್ತಿರ ಅದಕ್ಕೇನಾದರೂ ಇದ್ದರೆ ಬರೆದುಕೊಡಿ."

ವೈದ್ಯರು ನಗಲಿಲ್ಲ. ನನ್ನ ಅರ್ಜಿಯ ಮೇಲೆ ರೋಗಿ ಆರೋಗ್ಯವಾಗಿದ್ದಾರೆಂದು ಬರೆದು ಸಹಿ ಹಾಕಿದರು. ಮೋಹನರಾಯರ ಕೈಗೆ ಬೇರೊಂದು ಚೀಟಿ ಕೊಟ್ಟು, ಉಪ್ಪು ಕಡಿಮೆ ಮಾಡಿ ಎಂದರು.

ಕೆಳಗೆ ಬಂದು ಕಬ್ಬಿನಹಾಲಿನ ಗಾಡಿಯ ನೆರಳಿನಲ್ಲಿ ನಿಂತೆವು. ಮೂವರಿಗೂ ಒಂದೊಂದು ಲೋಟ ಹೇಳಿದೆ. ನನ್ನ ಮುಖ ಹುಳ್ಳಗಾಗಿತ್ತು. ಇಷ್ಟು ವರ್ಷ ಜನರ ಸುಳ್ಳು ಹಿಡಿದು ಬೀಗಿದವಳನ್ನು ಅವಳ ಅತ್ತೆಯೇ ಹಿಡಿದುಕೊಟ್ಟಳೆಂದು ವಲಯ ಕಚೇರಿ ತಿಂಗಳುಗಟ್ಟಲೆ ನಗುತ್ತದೆಂದು ಗೊತ್ತಿತ್ತು. ಮೋಹನರಾಯರು ಸಿಟ್ಟು ತಡೆಯಲಾರದೆ, "ಅಮ್ಮಾ, ನಿನಗೋಸ್ಕರ ಕದಾ ಇದೆಲ್ಲ! ಗಿರಿಜಾ ಹತ್ತಿರ ಇರ್ಲಿ ಅಂತಾನೇ ಕದಾ?" ಎಂದರು.

ಅತ್ತೆ ಲೋಟ ಗಾಡಿಯ ಮೇಲಿಟ್ಟು ಮಗನ ಕಡೆ ತಿರುಗಿದರು. ಸಿಟ್ಟು ಬಂದರೆ ಅವರಿಗೆ ಬಳ್ಳಾರಿ ಭಾಷೆ ತಾನಾಗಿ ಬರುತ್ತಿತ್ತು.

"ಲೇ ಮೋಹನ, ನನಗೇನಾಗೈತೆ ಅಂತ ಇವಳನ್ನ ಕರ್ಕಂಡು ಬರ್ತೀಯಾ? ಗುಂಡುಕಲ್ಲು ಇದ್ದಂಗೆ ಇದ್ದೀನಿ. ನಿನಗೆ ಹೊತ್ತೊತ್ತಿಗೆ ಬಿಸಿ ಅನ್ನ ಬೇಕು. ಅದನ್ನ ನಿನ್ನ ಬಾಯಿಂದ ಕೇಳಾಕೆ ನಾಚಿಕೆ. ಅದಕ್ಕೆ ನನ್ನನ್ನ ರೋಗಿಷ್ಟೆ ಮಾಡೀಯಾ."

ಆಮೇಲೆ ನನ್ನ ಕಡೆ ನೋಡಿದರು.

"ನೀನೂ ಅಷ್ಟೇ ನಮ್ಮವ್ವಾ. ಬೇಕು ಅನ್ನೋದನ್ನ ಬೇಕು ಅಂತ ಹೇಳಾಕೆ ನಿನಗೂ ಬಾಯಿಲ್ಲ."

ಮುಂದೆ ಅವರು ಹೇಳಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಮೋಹನರಾಯರೂ ಕೇಳಿರಲಿಲ್ಲ. ಮದುವೆಗೆ ಮೊದಲು ಅತ್ತೆ ಬಳ್ಳಾರಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸದಲ್ಲಿದ್ದರಂತೆ. ಕಿವಿಗೆ ಹೆಡ್‌ಫೋನು ಹಾಕಿಕೊಂಡು ಟ್ರಂಕ್ ಕಾಲು ಜೋಡಿಸುವ ಕೆಲಸ. ಮೇಲ್ವಿಚಾರಕಿಯಾಗಿ ಹುಬ್ಬಳ್ಳಿಗೆ ಹೋಗೆಂದು ಆದೇಶ ಬಂದಿತ್ತಂತೆ. ಅದೇ ತಿಂಗಳು ಮದುವೆ ಕೂಡಿಬಂತು. ಕೆಲಸವಾದರೆ ಯಾರಿಗಾದರೂ ಸಿಗುತ್ತದೆ, ಗಂಡನ ಹತ್ತಿರ ಇರುವುದು ಮುಖ್ಯ ಎಂದರಂತೆ ಹಿರಿಯರು. ರಾಜೀನಾಮೆ ಬರೆದುಕೊಟ್ಟು ವಿಜಯವಾಡಕ್ಕೆ ಬಂದರು. ಈಗಿಲ್ಲದ ನಮ್ಮ ಮಾವನವರಿಗೆ ಆಗ ರೈಲ್ವೆ ಹಳಿಗಳ ಮೇಲಿನ ಕೆಲಸ. ತಿಂಗಳಿನಲ್ಲಿ ಬಹುಪಾಲು ದಿನ ಲೈನಿನ ಮೇಲೆಯೇ ಇರುತ್ತಿದ್ದರು.

"ಎಲ್ಲರೂ ಹತ್ತಿರ ಹೋಗು, ಹತ್ತಿರ ಹೋಗು ಅಂದ್ರು. ಬಂದೆ. ಐವತ್ತು ವರ್ಷ ಆತು. ಯಾರ ಹತ್ತಿರ ಬಂದೆ ಅಂತ ನನಗಿನ್ನೂ ಗೊತ್ತಾಗಿಲ್ಲ."

ಅಷ್ಟು ಹೇಳಿ ಲೋಟದಲ್ಲಿ ಉಳಿದಿದ್ದ ಕಬ್ಬಿನಹಾಲು ಕುಡಿದರು. ನನಗೆ ಅಳು ಬಂತು. ಗಾಡಿಯವನು ನೋಡುತ್ತಿದ್ದನೆಂದು ಬೆನ್ನು ತಿರುಗಿಸಿ ಅಲ್ಲಿಂದಲೇ ಕಾಮತರಿಗೆ ಫೋನು ಮಾಡಿದೆ.

"ಸರ್, ನನ್ನ ಅತ್ತೆ ಆರೋಗ್ಯವಾಗಿದ್ದಾರೆ ಅಂತ ರಿಪೋರ್ಟು ಬರುತ್ತೆ. ಅದು ನಿಜ. ನಾನು ಋಷಿಕೊಂಡಕ್ಕೆ ಹೋಗ್ತೀನಿ. ಬೇರೆ ದಾರಿ ಇಲ್ಲ ಅಂತ ಅಲ್ಲ ಸರ್, ನನಗೆ ಬೇಕು."

ಕಾಮತರು ತಮ್ಮ ಹಳೆಯ ಪ್ರಶ್ನೆಯನ್ನೇ ತೆಗೆದರು. "ಯಜಮಾನರು ಒಪ್ಪಿದ್ರಾ?"

"ಅವರಿಗೆ ಬಿ.ಪಿ. ಇದೆ ಸರ್. ಹೆಚ್ಚು ಕೇಳೋದು ಬೇಡ ಅಂತ ಬಿಟ್ಟೆ."

ಮೇ ತಿಂಗಳಲ್ಲಿ ಆದೇಶ ಬಂತು. ನಾನು ಊಹಿಸಿದಂತೆ ವಲಯ ಕಚೇರಿ ನಕ್ಕಿತು. ಅಪ್ಪಲರಾಜು ಮಾತ್ರ ಬಹಳ ನೊಂದುಕೊಂಡು, "ಅತ್ತೆಗಾರಿಗೆ ಮೊದಲೇ ಒಂದು ಮಾತು ಹೇಳಿಡಬೇಕಿತ್ತು ಮೇಡಂ" ಎಂದ. ನಾಗಮಣಿಯನ್ನು ಮತ್ತೆ ಕರೆಯಲು ಮೋಹನರಾಯರೇ ಅವಳ ಮನೆಗೆ ಹೋಗಬೇಕಾಯಿತು. ಉಪ್ಪು ಕಡಿಮೆ ಹಾಕಲು ತಾನು ಕಲಿತವಳಲ್ಲವೆಂದು ಅವಳು ಸಾಕಷ್ಟು ಸತಾಯಿಸಿದ ಮೇಲೆ ಒಪ್ಪಿದಳಂತೆ.

ಋಷಿಕೊಂಡದಲ್ಲಿ ನನಗೆ 'ಆಯ್ತು, ಸಾಕು' ಎನಿಸಿದ್ದು ನಿವೃತ್ತಿಯ ದಿನ ಮಾತ್ರ. ಅಲ್ಲಿಯವರೆಗೆ ಬೆಳಗಾದರೆ ಗುಡ್ಡ ಹತ್ತಲು ಕಾಲು ತುಡಿಯುತ್ತಿತ್ತು. ಮೊದಲ ತರಗತಿಯಲ್ಲಿ ಹೊಸಬರ ಮುಂದೆ ನಾನು ಇಟ್ಟ ಪ್ರಕರಣ ಯಾವುದೆಂದು ನಿಮಗೆ ಈಗ ಹೇಳಬೇಕಾಗಿಲ್ಲ. ಅರ್ಧ ತರಗತಿ ಸೊಸೆಯ ಪರ, ಅರ್ಧ ತರಗತಿ ಗಂಡನ ಪರ ವಾದಿಸಿತು. ಅತ್ತೆಯನ್ನು ಯಾರಾದರೂ ಏನಾದರೂ ಕೇಳಿದರಾ ಎಂದು ಕೊನೆಯಲ್ಲಿ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು. ಅವಳಿಗೆ ನಾನು ಪೂರ್ತಿ ಅಂಕ ಕೊಟ್ಟೆ.

ಆ ಮೊದಲ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ಅತ್ತೆ ಒಂದು ಚೀಲ ಹಿಡಿದು ವಿಶಾಖಪಟ್ಟಣಕ್ಕೆ ಬಂದರು. ಸಮುದ್ರ ನೋಡಿ ಹೋಗುತ್ತೇನೆಂದವರು ಹೋಗಲೇ ಇಲ್ಲ. ಬೆಳಿಗ್ಗೆ ಕಡಲ ದಂಡೆಯಲ್ಲಿ ನಡೆಯುತ್ತಿದ್ದರು, ಸಂಜೆ ನನ್ನ ತರಗತಿಯ ಜಗಳಗಳನ್ನು ಕೇಳಿ ತೀರ್ಪು ಕೊಡುತ್ತಿದ್ದರು. ಈಗ ಶನಿವಾರದ ರೈಲು ಹತ್ತುವ ಸರದಿ ಮೋಹನರಾಯರದು.

ಅವರು ಮೊದಲ ಸಲ ಬಂದ ಸಂಜೆ ನನಗೆ ಚೆನ್ನಾಗಿ ನೆನಪಿದೆ. ಮುಖ ತೊಳೆದು ಬಾಲ್ಕನಿಗೆ ಹೋಗಿ, ಹಗ್ಗದ ಮೇಲಿದ್ದ ನಮ್ಮಿಬ್ಬರ ಟವೆಲ್ಲುಗಳ ಕಡೆ ಕೈ ಚಾಚಿದರು. ಅತ್ತೆ ಒಳಗಿನಿಂದ, "ನಿಲ್ಲೋ" ಎಂದು ಕೂಗಿ, ಬೀರುವಿನಿಂದ ಮಡಿಕೆ ಮುರಿಯದ ಟವೆಲ್ಲೊಂದನ್ನು ತಂದು ಅವರ ಕೈಗಿಟ್ಟರು. ಅತ್ತೆಯ ಮನಸ್ಸಿನಲ್ಲಿ ಯಾವ ಕುಹಕವೂ ಇರಲಿಲ್ಲ, ಮಗ ಬಂದನೆಂಬ ಸಂಭ್ರಮವಷ್ಟೇ. ಮೋಹನರಾಯರು ಆ ಮಡಿಕೆಯನ್ನೇ ನೋಡುತ್ತ ನಿಂತರು, ಮುಖದಿಂದ ನೀರು ತೊಟ್ಟಿಕ್ಕುತ್ತಿತ್ತು. ನಂತರ ನನ್ನ ಕಡೆ ನೋಡಿದರು. ಇಷ್ಟು ವರ್ಷ ನಾನು ಬಾಯಿಬಿಟ್ಟು ಹೇಳದೆ ಇದ್ದದ್ದನ್ನು ಈ ಸಲವೂ ಹೇಳಬೇಕಾಗಲಿಲ್ಲ. ಅವರು ಮುಖ ಒರೆಸಿಕೊಂಡು ಆ ಟವೆಲ್ಲನ್ನು ನಮ್ಮವುಗಳ ಪಕ್ಕ ಹಗ್ಗದ ಮೇಲೆ ಹಾಕಿ, ಗಾಳಿಗೆ ಹಾರದಂತೆ ಎರಡು ಕಡೆಯೂ ಕ್ಲಿಪ್ಪು ಸಿಕ್ಕಿಸಿದರು. ಸೋಮವಾರ ಹೋಗುವಾಗ ಅದನ್ನು ಯಾರೂ ತೆಗೆಯಕೂಡದೆಂದು ಹೇಳಿ ಹೋದರು.

ಮುಂದಿನ ಏಪ್ರಿಲ್‌ನಲ್ಲಿ ಅವರ ಕಾಲೇಜಿನವರು ವಿಶಾಖಪಟ್ಟಣದಲ್ಲಿ ಒಂದು ಶಾಖೆ ತೆರೆದರು. ಮೋಹನರಾಯರು ಅಲ್ಲಿಗೆ ವರ್ಗ ಕೇಳಿ ಅರ್ಜಿ ಹಾಕಿದರು. ಕಾರಣವೇನು ಬರೆದಿರಿ ಎಂದು ಫೋನಿನಲ್ಲಿ ಕೇಳಿದೆ. ಸ್ವಲ್ಪ ತಡವರಿಸಿ, ತಾಯಿಯ ಅನಾರೋಗ್ಯ ಎಂದರು.

ಅತ್ತೆ ಪಕ್ಕದಲ್ಲೇ ಕೂತು ಬೀನ್ಸ್ ಮುರಿಯುತ್ತಿದ್ದರು. ನನ್ನ ಮುಖ ನೋಡಿ, ವಿಷಯವೇನೆಂದು ಕೇಳಿ, ಹೇಳಿದ್ದನ್ನೆಲ್ಲ ಸಮಾಧಾನವಾಗಿ ಕೇಳಿಸಿಕೊಂಡರು. ಆಮೇಲೆ ಮೊರ ಪಕ್ಕಕ್ಕಿಟ್ಟು ಫೋನು ತೆಗೆದುಕೊಂಡರು.

"ಲೇ ಮೋಹನ, ಈ ಸಲ ಡಾಕ್ಟರು ಎಷ್ಟನೇ ಮಾಳಿಗೆ ಮೇಲೆ ಅದಾನೆ?"